ಮೋಟಾರ್ ಚಕ್ರದಲ್ಲಿ ಇರಬೇಕಾ, ನಡುವಲ್ಲಿ ಇರಬೇಕಾ? ದುಬಾರಿ ಎಲೆಕ್ಟ್ರಿಕ್ ಬೈಕ್ ಬಗ್ಗೆ ಓದುಗರ ಪ್ರಶ್ನೆಗಳು

ಎಲೆಕ್ಟ್ರಿಕ್ ಗಾಡಿಗಳ ಬಗ್ಗೆ ಈ ಸಲ ಪತ್ರ ಜಾಸ್ತಿ ಬಂದಿವೆ. ಮೈಸೂರು, ಮಂಡ್ಯ ಕಡೆಯವೇ ಹೆಚ್ಚು. ಸುತ್ತಿ ಬಳಸಿ ಎಲ್ಲರೂ ಕೇಳಿರುವುದು ಒಂದೇ: ಎರಡೂ ಗಾಡಿಗೆ ಎರಡೇ ಚಕ್ರ, ಎರಡಕ್ಕೂ ಕರೆಂಟೇ, ಹಾಗಿದ್ದರೂ ಒಂದಕ್ಕಿಂತ ಇನ್ನೊಂದಕ್ಕೆ ಅಷ್ಟು ದುಡ್ಡು ಯಾಕೆ? ಕೆಲವು ಪತ್ರ ಆರಿಸಿಕೊಂಡಿದ್ದೇನೆ. ಉದ್ದದವನ್ನು ಸ್ವಲ್ಪ ಮೊಟಕು ಮಾಡಿದ್ದೇನೆ.

ಪ್ರಶ್ನೆ: ಟಿವಿಎಸ್ ಐಕ್ಯೂಬ್ ಮೋಟಾರಿನ ಟಾರ್ಕ್ 140 ನ್ಯೂಟನ್ ಮೀಟರ್ ಎಂದು ಓದಿದೆ. ಏಥರ್ 450ಎಕ್ಸ್‌ನದು ಬರೀ 26. ಆದರೆ ಪಿಕಪ್ ಏಥರ್‌ದೇ ಜಾಸ್ತಿ ಅನ್ನುತ್ತಾರೆ, ಬೆಲೆಯೂ ಜಾಸ್ತಿ. ಇದು ಹೇಗೆ ಸಾರ್? ನಾವು ಗಂಡ ಹೆಂಡತಿ ಆಗಾಗ ಚಾಮುಂಡಿ ಬೆಟ್ಟಕ್ಕೆ ಹೋಗುವವರು. ಬೆಟ್ಟ ಹತ್ತಲು ಯಾವುದು ಸರಿ? (ಬ್ಯಾಂಕ್ ನೌಕರರು, ಕುವೆಂಪುನಗರ, ಮೈಸೂರು)

ಉತ್ತರ: ಟಾರ್ಕ್ ಅಂದರೆ ತಿರುಗಿಸುವ ಬಲ. ಆ ಎರಡು ಅಂಕಿಗಳನ್ನು ಅಳೆದಿರುವ ಜಾಗವೇ ಬೇರೆ. ಐಕ್ಯೂಬ್‌ನ ಮೋಟಾರ್ ಹಿಂದಿನ ಚಕ್ರದ ಒಳಗೇ ಕೂತಿದೆ. ಅದಕ್ಕೆ ಹಬ್ ಮೋಟಾರ್ ಅನ್ನುತ್ತಾರೆ. ಮೋಟಾರ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು, ಆದ್ದರಿಂದ ಮೋಟಾರಿನ ಟಾರ್ಕೇ ಚಕ್ರದ ಟಾರ್ಕ್. ಏಥರ್‌ನಲ್ಲಿ ಮೋಟಾರ್ ಗಾಡಿಯ ನಡುವೆ ಇದೆ, ಬಹಳ ವೇಗವಾಗಿ ತಿರುಗುತ್ತದೆ, ಆ ವೇಗವನ್ನು ಬೆಲ್ಟಿನ ಮೂಲಕ ಏಳೆಂಟು ಪಟ್ಟು ಇಳಿಸಿ ಚಕ್ರಕ್ಕೆ ಕೊಡುತ್ತಾರೆ. ವೇಗ ಎಷ್ಟು ಪಟ್ಟು ಇಳಿಯುತ್ತದೋ ಟಾರ್ಕ್ ಅಷ್ಟು ಪಟ್ಟು ಏರುತ್ತದೆ. 26ನ್ನು ಏಳೂವರೆಯಿಂದ ಗುಣಿಸಿ ನೋಡಿ, 195 ಬರುತ್ತದೆ. ಅಂದರೆ ಚಕ್ರದ ಹತ್ತಿರ ಹೋಲಿಸಬೇಕಾದ್ದು 140 ಮತ್ತು ಸುಮಾರು 200, 140 ಮತ್ತು 26 ಅಲ್ಲ. ಗರಿಷ್ಠ ಪವರ್ ಕೂಡ ಐಕ್ಯೂಬ್‌ಗೆ 4.4 ಕಿಲೋವ್ಯಾಟ್, ಏಥರ್‌ಗೆ 6.4. ನಿಮಗೆ ಪಿಕಪ್ ಬಗ್ಗೆ ಹೇಳಿದವರು ಸುಳ್ಳು ಹೇಳಿಲ್ಲ.

ಹಾಗಾದರೆ ಚಕ್ರದೊಳಗೆ ಮೋಟಾರ್ ಇಡುವುದಾದರೂ ಯಾಕೆ ಅಂದರೆ, ಅಗ್ಗ ಮತ್ತು ಸರಳ. ಬೆಲ್ಟ್ ಇಲ್ಲ, ಚೈನ್ ಇಲ್ಲ, ಗೇರ್ ಇಲ್ಲ, ಸವೆಯುವ ವಸ್ತುವೇ ಕಡಿಮೆ. ಸದ್ದೂ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ನಿಧಾನಕ್ಕೆ ತಿರುಗುತ್ತಲೇ ಜಾಸ್ತಿ ಟಾರ್ಕ್ ಕೊಡಬೇಕು ಅಂದರೆ ಮೋಟಾರ್ ದಪ್ಪ ಆಗಬೇಕು, ತಾಮ್ರ ಜಾಸ್ತಿ ಬೇಕು, ಅಯಸ್ಕಾಂತ ಜಾಸ್ತಿ ಬೇಕು. ಆ ಭಾರವೆಲ್ಲ ಚಕ್ರದಲ್ಲೇ ಇರುವುದರಿಂದ ಹಂಪು, ಗುಂಡಿ ಸಿಕ್ಕಾಗ ಶಾಕ್ ಅಬ್ಸಾರ್ಬರ್‌ಗೆ ಕೆಲಸ ಜಾಸ್ತಿ. ಹಿಂದೆ ಕೂತವರಿಗೆ ಇದು ಮೊದಲು ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ಬಿಸಿ. ಬೇರೆ ಪ್ರಶ್ನೆಗಳಿಗೂ ಇದೇ ಬೇಕಾಗುವುದರಿಂದ ಇಲ್ಲೇ ಬಿಡಿಸಿ ಹೇಳುತ್ತೇನೆ. ಟಾರ್ಕ್ ಬೇಕು ಅಂದರೆ ತಂತಿಯಲ್ಲಿ ಕರೆಂಟ್ ಹೆಚ್ಚಬೇಕು. ಕರೆಂಟ್ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಬ್ ಮೋಟಾರಿನಲ್ಲಿ ತಂತಿ ಸುತ್ತಿರುವ ಭಾಗ ಒಳಗಿರುತ್ತದೆ, ಹೊರಗಿನ ಚಿಪ್ಪು ಅದರ ಸುತ್ತ ತಿರುಗುತ್ತಿರುತ್ತದೆ, ನಡುವೆ ಗಾಳಿಯ ಸಂದು. ಒಳಗಿನ ಬಿಸಿ ಹೊರಗೆ ಬರಲು ಸಲೀಸು ದಾರಿಯೇ ಇಲ್ಲ. ನಡುವಲ್ಲಿ ಕೂತ ಮೋಟಾರಿನಲ್ಲಿ ತಂತಿಯ ಭಾಗ ಹೊರಗಿನ ಲೋಹದ ಗೂಡಿಗೇ ಅಂಟಿಕೊಂಡಿರುತ್ತದೆ. ಗೂಡಿಗೆ ರೆಕ್ಕೆಪಟ್ಟಿ ಇಟ್ಟು ಗಾಳಿಗೆ ಬಿಸಿ ಬಿಡಬಹುದು, ಬೇಕಿದ್ದರೆ ನೀರನ್ನೂ ಹರಿಸಬಹುದು.

ಬಿಸಿ ಏರಿದರೆ ಅಯಸ್ಕಾಂತಕ್ಕೇ ಕುತ್ತು. ಈ ಮೋಟಾರುಗಳಲ್ಲಿ ಇರುವುದು ನಿಯೋಡಿಮಿಯಂ ಅಯಸ್ಕಾಂತ. ಸಾಮಾನ್ಯ ದರ್ಜೆಯದು 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳಲು ಶುರು ಮಾಡುತ್ತದೆ. 150 ಡಿಗ್ರಿ ತಡೆಯುವ ದರ್ಜೆಗೆ ಡಿಸ್ಪ್ರೋಸಿಯಂ ಎಂಬ ಲೋಹ ಬೆರೆಸುತ್ತಾರೆ. ಅದು ದುಬಾರಿ, ಸಿಗುವುದೂ ಹೆಚ್ಚಾಗಿ ಚೀನಾದಿಂದಲೇ. 2025ರ ಏಪ್ರಿಲ್‌ನಲ್ಲಿ ಚೀನಾ ಅದರ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿದಾಗ ನಮ್ಮ ಗಾಡಿ ಕಂಪನಿಗಳು ಕಂಗಾಲಾದದ್ದು ಇದಕ್ಕೇ. ದುಬಾರಿ ಗಾಡಿಯಲ್ಲಿ ಬ್ಯಾಟರಿ ಬಿಟ್ಟರೆ ನೀವು ದುಡ್ಡು ಕೊಡುವುದು ಬಹುಪಾಲು ಈ ಬಿಸಿಯನ್ನು ತಡೆದುಕೊಳ್ಳುವ ತಾಕತ್ತಿಗೆ. ದೊಡ್ಡ ಸ್ಕ್ರೀನು, ಹಾಡು, ಮ್ಯಾಪು ಎಲ್ಲ ಅದರ ಮುಂದೆ ಚಿಲ್ಲರೆ.

ಈಗ ನಿಮ್ಮ ಬೆಟ್ಟಕ್ಕೆ ಬರೋಣ. ಗಾಡಿ ಮತ್ತು ಇಬ್ಬರು ಸೇರಿ 250 ಕೆಜಿ ಎಂದುಕೊಳ್ಳಿ. ರಸ್ತೆ 100 ಮೀಟರ್‌ಗೆ 6 ಮೀಟರ್ ಏರುತ್ತದೆ ಎಂದುಕೊಳ್ಳಿ. 40 ಕಿಮೀ ವೇಗದಲ್ಲಿ ಹತ್ತಲು, ಟೈರಿನ ಎಳೆತ, ಎದುರು ಗಾಳಿ ಎಲ್ಲ ಸೇರಿಸಿ ಸುಮಾರು ಎರಡೂವರೆ ಕಿಲೋವ್ಯಾಟ್ ಸಾಕು. ಅದೇ 60ರಲ್ಲಿ ಹತ್ತುತ್ತೇನೆ ಅಂದರೆ ನಾಲ್ಕೂವರೆ ಬೇಕು. ಐಕ್ಯೂಬ್ ಮೋಟಾರ್ ಬಿಡದೆ ಕೊಡಬಲ್ಲದ್ದು 3 ಕಿಲೋವ್ಯಾಟ್. 4.4 ಅನ್ನುವುದು ಸ್ವಲ್ಪ ಹೊತ್ತಿಗೆ ಮಾತ್ರ. ಅಂದಮೇಲೆ ನೀವಿಬ್ಬರೂ 40ರಲ್ಲಿ ಆರಾಮಾಗಿ ಹೋಗುವವರಾದರೆ ಹಬ್ ಮೋಟಾರ್ ದೂರಲು ಕಾರಣವೇ ಇಲ್ಲ. ಬೆಟ್ಟದ ತಿರುವುಗಳಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು 60ರಲ್ಲಿ ಹೋಗುವ ಅಗತ್ಯವಾದರೂ ಏನಿದೆ ಹೇಳಿ.

ಅಂಗಡಿಯಲ್ಲಿ ಕೇಳಬೇಕಾದ್ದು ಇಷ್ಟೇ: ಪೀಕ್ ಪವರ್ ಬಿಡಿ, ಕಂಟಿನ್ಯುಯಸ್, ಅಂದರೆ ಬಿಡದೆ ಕೊಡುವ ಪವರ್, ಎಷ್ಟು? ಈ ಪ್ರಶ್ನೆಗೆ ಸೇಲ್ಸ್ ಹುಡುಗ ಮೊಬೈಲ್ ತೆಗೆದು ಹುಡುಕಲು ಶುರು ಮಾಡಿದರೆ ಕಾಯಿರಿ, ಉತ್ತರ ಸಿಗುವ ತನಕ ಅಡ್ವಾನ್ಸ್ ಕೊಡಬೇಡಿ.

ಪ್ರಶ್ನೆ: ಸರಸ್ವತಿಪುರದಲ್ಲಿದ್ದೇನೆ, ನಿವೃತ್ತ ಉಪನ್ಯಾಸಕ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಕಡೆ ಸೈಕಲ್ ಹೊಡೆಯುವ ಅಭ್ಯಾಸ. ಮಂಡಿ ನೋವು ಶುರುವಾಗಿದೆ. ಮಗ ಎಲೆಕ್ಟ್ರಿಕ್ ಸೈಕಲ್ ಕೊಡಿಸುತ್ತೇನೆ ಅನ್ನುತ್ತಿದ್ದಾನೆ. ಮಿಡ್ ಡ್ರೈವ್ ಇರುವುದೇ ಬೇಕಂತೆ, ಅದರ ಬೆಲೆ ಕೇಳಿ ನನಗೆ ಗಾಬರಿಯಾಯಿತು. 40 ಸಾವಿರದ್ದು ಸಾಕಾಗುವುದಿಲ್ಲವೇ? ಚಾಮುಂಡಿ ಬೆಟ್ಟ ಹತ್ತುವ ಆಸೆಯೂ ಇದೆ. (ಓದುಗರು, ಮೈಸೂರು)

ಉತ್ತರ: ಮಗನಿಗೆ ಸ್ವಲ್ಪ ತಡಿಯಪ್ಪಾ ಅನ್ನಿ.

ಸೈಕಲ್‌ನಲ್ಲಿ ಮಿಡ್ ಡ್ರೈವ್ ಅಂದರೆ ಪೆಡಲ್ ತಿರುಗುವ ಜಾಗದಲ್ಲೇ ಮೋಟಾರ್. ಅದು ಚೈನನ್ನೇ ಎಳೆಯುತ್ತದೆ, ಹಾಗಾಗಿ ಸೈಕಲ್‌ನ ಗೇರುಗಳು ಮೋಟಾರಿಗೂ ಸಿಗುತ್ತವೆ. ಏರಿನಲ್ಲಿ ಚಕ್ರ ನಿಧಾನವಾದರೂ ಚಿಕ್ಕ ಗೇರಿಗೆ ಹಾಕಿಕೊಂಡರೆ ಮೋಟಾರ್ ತನ್ನ ಹಿತವಾದ ವೇಗದಲ್ಲೇ ತಿರುಗುತ್ತಿರುತ್ತದೆ. ಬಾಷ್, ಶಿಮಾನೋ, ಯಮಹಾ ಇವರದು ಇದೇ ದಾರಿ. ಯಮಹಾ 1993ರಲ್ಲೇ ಜಪಾನಿನಲ್ಲಿ ಇಂಥ ಸೈಕಲ್ ಮಾರಾಟಕ್ಕೆ ಇಟ್ಟಿತ್ತು. ವಸ್ತು ಒಳ್ಳೆಯದು, ಅನುಮಾನ ಬೇಡ. ಆದರೆ ಮನುಷ್ಯನ ಕಾಲು ಮತ್ತು ಮೋಟಾರ್ ಎರಡರ ಎಳೆತವೂ ಒಂದೇ ಚೈನಿನ ಮೇಲೆ ಬೀಳುವುದರಿಂದ ಚೈನು, ಹಲ್ಲುಚಕ್ರ ಬೇಗ ಸವೆಯುತ್ತವೆ. ಮೋಟಾರೇ ಕೈಕೊಟ್ಟರೆ ಮೈಸೂರಿನ ಸೈಕಲ್ ಶಾಪಿನಲ್ಲಿ ಬಿಚ್ಚಿ ರಿಪೇರಿ ಮಾಡುವವರು ಸಿಗುವುದು ಕಷ್ಟ, ಪೂರ್ತಿ ಮೋಟಾರ್ ತರಿಸಬೇಕಾಗಬಹುದು.

ಬೆಟ್ಟದ ಲೆಕ್ಕ ಕೇಳಿ. ಬೆಟ್ಟ ಊರಿನಿಂದ ಸುಮಾರು 300 ಮೀಟರ್ ಎತ್ತರಕ್ಕೆ ಇದೆ. ನೀವು ಮತ್ತು ಸೈಕಲ್ ಸೇರಿ 100 ಕೆಜಿ ಅಂದರೆ ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ್ದು 82 ವ್ಯಾಟ್ ಅವರ್. ಮೋಟಾರಿನ ನಷ್ಟ, ಟೈರಿನ ಎಳೆತ ಎಲ್ಲ ಸೇರಿಸಿ 130, 140 ಅನ್ನಿ. ಹೆಚ್ಚಿನ ಸೈಕಲ್‌ಗಳ ಬ್ಯಾಟರಿ ಇದಕ್ಕಿಂತ ದೊಡ್ಡದೇ. ಹಾಗಾಗಿ ಬ್ಯಾಟರಿ ಸಮಸ್ಯೆ ಅಲ್ಲ. ಅದೇ ಏರಿನಲ್ಲಿ, 100ಕ್ಕೆ 6ರ ಏರು, ಗಂಟೆಗೆ 10 ಕಿಮೀಯಲ್ಲಿ ಹೋಗಲು ಸುಮಾರು 185 ವ್ಯಾಟ್ ಬೇಕು. ಅದರಲ್ಲಿ ನೀವು ಪೆಡಲ್ ಮಾಡಿ 60, 70 ಕೊಟ್ಟರೂ ಉಳಿದದ್ದು ಮೋಟಾರಿನ ಪಾಲು. 250 ವ್ಯಾಟ್ ಹಬ್ ಮೋಟಾರ್ ಇದನ್ನು ಮಾಡುತ್ತದೆ, ಆದರೆ ಅಷ್ಟು ನಿಧಾನದಲ್ಲಿ ಅದರ ದಕ್ಷತೆ ಬೀಳುತ್ತದೆ, ಬಿಸಿ ಏರುತ್ತದೆ. ನಂದಿಯ ಹತ್ತಿರ ಹತ್ತು ನಿಮಿಷ ನಿಲ್ಲಿಸಿ. ಅಲ್ಲಿ ಹೇಗೂ ಎಲ್ಲರೂ ನಿಲ್ಲುತ್ತಾರೆ.

ನನ್ನ ಮಾತು: ಹಬ್ ಮೋಟಾರಿನದೇ ತೆಗೆದುಕೊಳ್ಳಿ. ಆದರೆ ಗೇರ್ಡ್ ಹಬ್ ಇರಲಿ, ಅದರೊಳಗೆ ಪುಟ್ಟ ಹಲ್ಲುಚಕ್ರಗಳಿದ್ದು ಮೋಟಾರ್ ವೇಗವಾಗಿ ತಿರುಗಿ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತದೆ. ಜೊತೆಗೆ ಟಾರ್ಕ್ ಸೆನ್ಸರ್ ಇರುವುದು ಸಿಕ್ಕರೆ ಐದಾರು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಅಗ್ಗದ ಸೈಕಲ್‌ಗಳ ಸೆನ್ಸರ್‌ಗೆ ಗೊತ್ತಾಗುವುದು ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಅಷ್ಟೇ. ತಿರುಗಿದ ಕೂಡಲೇ ದಢಕ್ಕನೆ ನೂಕುತ್ತದೆ. ಟಾರ್ಕ್ ಸೆನ್ಸರ್ ನೀವು ಎಷ್ಟು ಒತ್ತುತ್ತೀರಿ ಎಂದು ನೋಡಿ ಅಷ್ಟಕ್ಕೆ ತಕ್ಕ ಹಾಗೆ ಸಹಾಯ ಮಾಡುತ್ತದೆ. ಮಂಡಿ ನೋವಿಗೆ ಮೋಟಾರ್ ಎಲ್ಲಿದೆ ಅನ್ನುವುದಕ್ಕಿಂತ ಇದೇ ಮುಖ್ಯ.

ಇನ್ನೊಂದು ವಿಷಯ. ಮೋಟಾರ್ 250 ವ್ಯಾಟಿನೊಳಗೆ, ವೇಗ 25 ಕಿಮೀಯೊಳಗೆ ಇದ್ದರೆ ನಮ್ಮ ಕಾನೂನಿನಲ್ಲಿ ಅದು ಮೋಟಾರು ವಾಹನ ಅಲ್ಲ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಕೆಲವು ಅಂಗಡಿಯವರು ಲಾಕ್ ತೆಗೆದು 40ಕ್ಕೆ ಓಡುವ ಹಾಗೆ ಮಾಡಿಕೊಡುತ್ತೇವೆ ಅನ್ನುತ್ತಾರೆ. ಬೇಡವೇ ಬೇಡ. ಏನಾದರೂ ಅಪಘಾತ ಆದರೆ ಅದು ರಿಜಿಸ್ಟ್ರೇಷನ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಗಾಡಿ ಆಗುತ್ತದೆ.

ಪ್ರಶ್ನೆ: ಪಾಂಡವಪುರದ ಹತ್ತಿರ ನಮ್ಮೂರು. ಎರಡು ಹೊತ್ತೂ ಡೈರಿಗೆ ಹಾಲು ಹಾಕಬೇಕು, ಗದ್ದೆ ಕಡೆ ಓಡಾಟ, ನಾಲೆ ಏರಿ ಮೇಲೇ ದಾರಿ. ಮಳೆ ಬಂದರೆ ಕೆಸರು. ಎಲೆಕ್ಟ್ರಿಕ್ ತಗೊಂಡರೆ ಚಕ್ರದಲ್ಲಿ ಮೋಟಾರ್ ಇರೋದು ಬೇಡ, ಪಂಕ್ಚರ್ ಆದರೆ ಯಾರೂ ಮುಟ್ಟಲ್ಲ ಅಂತಾರೆ. ದುಬಾರಿದೇ ತಗೋಬೇಕಾ ಅಣ್ಣ? (ರೈತರು, ಮಂಡ್ಯ ಜಿಲ್ಲೆ)

ಉತ್ತರ: ಪಂಕ್ಚರ್ ಮಾತು ಅರ್ಧ ನಿಜ. ಈಗಿನ ಸ್ಕೂಟರುಗಳಿಗೆ ಟ್ಯೂಬ್‌ಲೆಸ್ ಟೈರ್ ಬರುತ್ತದೆ, ಮೊಳೆ ಚುಚ್ಚಿದರೆ ಚಕ್ರ ಬಿಚ್ಚದೆ ಹೊರಗಿನಿಂದಲೇ ಹಾಕುತ್ತಾರೆ. ಟೈರನ್ನೇ ಬದಲಿಸಬೇಕಾದಾಗ ಮಾತ್ರ ತಾಪತ್ರಯ, ಆಗ ಮೋಟಾರಿನ ದಪ್ಪ ಕೇಬಲ್ ಬಿಚ್ಚಬೇಕು. ಅದನ್ನು ಕಂಪನಿ ಸರ್ವಿಸಿನಲ್ಲೇ ಮಾಡಿಸಿ.

ನಾನು ಹೆದರುವುದು ಪಂಕ್ಚರಿಗಲ್ಲ, ರಿಮ್ಮಿಗೆ. ಕಲ್ಲುಗುಂಡಿಗೆ ಬಿದ್ದು ರಿಮ್ ಸೊಟ್ಟಗಾದರೆ ಕೆಲವು ಹಬ್ ಮೋಟಾರ್ ಗಾಡಿಗಳಲ್ಲಿ ರಿಮ್ ಬೇರೆ, ಮೋಟಾರ್ ಬೇರೆ ಅಂತ ಸಿಗುವುದೇ ಇಲ್ಲ, ಇಡೀ ಚಕ್ರವನ್ನೇ ಬದಲಿಸಬೇಕು. ಕೊಳ್ಳುವ ಮುಂಚೆ ಅದರ ಬೆಲೆಯನ್ನು ಬರೆಸಿಕೊಳ್ಳಿ. ಇತ್ತ ಬೆಲ್ಟ್ ಗಾಡಿಗೂ ನಾಲೆ ಏರಿ ಆಗಿಬರುವುದಿಲ್ಲ: ಬೆಲ್ಟಿಗೂ ಹಲ್ಲುಚಕ್ರಕ್ಕೂ ನಡುವೆ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೆ ಬೆಲ್ಟ್ ಹಾಳು. ಚೈನಾದರೆ ಕೆಸರು ತಿಂದು ಬೇಗ ಸವೆಯುತ್ತದೆ, ಆದರೆ ಅದನ್ನು ತೊಳೆದು ಎಣ್ಣೆ ಹಾಕಲು ನಿಮ್ಮೂರಿನಲ್ಲೇ ಜನ ಇದ್ದಾರೆ. ಹಲ್ಲುಚಕ್ರಗಳನ್ನು ಪೂರ್ತಿ ಮುಚ್ಚಿದ ಡಬ್ಬಿಯೊಳಗೆ ಇಟ್ಟಿರುವ, ಬಜಾಜ್‌ನ ಎಲೆಕ್ಟ್ರಿಕ್ ಚೇತಕ್ ತರಹದ ಜೋಡಣೆ ನಿಮ್ಮ ದಾರಿಗೆ ನನಗೆ ಹೆಚ್ಚು ಸರಿ ಅನ್ನಿಸುತ್ತದೆ.

ಐಪಿ67 ಅಂತ ತೋರಿಸಿ ನೀರಲ್ಲಿ ಮುಳುಗಿದರೂ ಏನೂ ಆಗಲ್ಲ ಅನ್ನುತ್ತಾರಲ್ಲ, ಅದರ ಅರ್ಥ ಒಂದು ಮೀಟರ್ ನಿಂತ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದು. ಅದೂ ಪರೀಕ್ಷೆಯ ಹೊಸ ವಸ್ತು. ಮೂರು ವರ್ಷ ಕುಲುಕಾಡಿ ರಬ್ಬರ್ ಸೀಲು ಸಡಿಲವಾದ ಗಾಡಿ ಅಲ್ಲ. ತುಂಬಿ ಹರಿಯುವ ನೀರಿಗೆ ಇಳಿಸಬೇಡಿ. ಮನೆಯಲ್ಲಿ ಜೋರು ಪೈಪ್ ಹಿಡಿದು ಮೋಟಾರ್ ತೊಳೆಯಬೇಡಿ.

ಎರಡು ಕ್ಯಾನ್ ಹಾಲು ಅಂದರೆ ಒಬ್ಬ ಆಳಿನ ಭಾರವೂ ಆಗದು. ವೇಗ ಬೇಕಿಲ್ಲ. ಲಕ್ಷದ ಆಸುಪಾಸಿನ ಗಾಡಿ ಸಾಕು, ಮಿಕ್ಕಿದ ದುಡ್ಡಿನಲ್ಲಿ ಬ್ಯಾಟರಿಗೆ ಉದ್ದದ ವಾರಂಟಿ ತೆಗೆದುಕೊಳ್ಳಿ. 8 ವರ್ಷ ಅಥವಾ 80,000 ಕಿಮೀ ತನಕ ವಾರಂಟಿ ಕೊಡುವ ಕಂಪನಿಗಳಿವೆ. ಚಾರ್ಜಿಗೆ ಮನೆಯ ಸಿಂಗಲ್ ಫೇಸ್ ಲೈನೇ ಸಾಕು, ಪಂಪ್‌ಸೆಟ್ ಲೈನಿಗೆ ಹಾಕಬೇಡಿ. ಆ ಪ್ಲಗ್ಗಿಗೆ ಅರ್ಥಿಂಗ್ ಸರಿಯಾಗಿ ಇದೆಯಾ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಗೃಹಜ್ಯೋತಿಯಲ್ಲಿ ಇದ್ದರೆ ತಿಂಗಳ ಮಿತಿಯ ಮೇಲೂ ಒಂದು ಕಣ್ಣಿರಲಿ. ಹಾಂ, ದನದ ಕೊಟ್ಟಿಗೆಯಲ್ಲಿ ಚಾರ್ಜ್ ಹಾಕಬೇಡಿ. ಒಣಹುಲ್ಲು ಇರುವ ಜಾಗ.

ಪ್ರಶ್ನೆ: ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದೇನೆ, ಮನೆ ಮಂಡ್ಯ. ಅಲ್ಟ್ರಾವಯಲೆಟ್ ಎಫ್77 ಮೇಲೆ ಮನಸ್ಸಿದೆ. ವಾರಕ್ಕೊಮ್ಮೆ ಊರಿಗೆ ಅದರಲ್ಲೇ ಬರಬಹುದು. ಪೆಟ್ರೋಲ್ ಉಳಿತಾಯದಲ್ಲೇ ದುಡ್ಡು ವಾಪಸ್ ಬರುತ್ತದೆ ಎಂದು ಅಪ್ಪನಿಗೆ ಹೇಳಿದ್ದೇನೆ. ಸರಿ ತಾನೆ? (ಓದುಗ, ಮಂಡ್ಯ)

ಉತ್ತರ: ಗಾಡಿ ಚೆನ್ನಾಗಿದೆ. ಅಪ್ಪನಿಗೆ ಹೇಳಿದ ಲೆಕ್ಕ ಚೆನ್ನಾಗಿಲ್ಲ.

ಬೆಂಗಳೂರಿನ ಕಂಪನಿಯ ಈ ಬೈಕ್ 2022ರ ಕೊನೆಗೆ ಬಂತು. 2024ರ ಏಪ್ರಿಲ್‌ನಲ್ಲಿ ಅದರ ಹೊಸ ಆವೃತ್ತಿ ಮ್ಯಾಕ್ 2 ಬಂದಾಗ ಶೋರೂಂ ಬೆಲೆ 2.99 ಲಕ್ಷದಿಂದ ಶುರು. ದೊಡ್ಡ ಬ್ಯಾಟರಿಯ ರೆಕಾನ್ ಮಾದರಿಗೆ 3.99 ಲಕ್ಷ. ಅದರಲ್ಲಿ 10.3 ಕಿಲೋವ್ಯಾಟ್ ಅವರ್ ಬ್ಯಾಟರಿ, 30 ಕಿಲೋವ್ಯಾಟ್ ಮೋಟಾರ್, ಮೋಟಾರ್ ನಡುವಲ್ಲಿ, ಅಲ್ಲಿಂದ ಚಕ್ರಕ್ಕೆ ಚೈನ್. ಒಂದು ಸ್ಕೂಟರಿನ ಮೂರು ಪಟ್ಟು ಬ್ಯಾಟರಿ ಇರುವಾಗ ಬೆಲೆ ಏರದೆ ಇರುತ್ತದಾ? ಇಷ್ಟು ಪವರನ್ನು ಚಕ್ರದೊಳಗೆ ತುರುಕುವುದು ಸುಲಭವಲ್ಲ. ತುರುಕಿದರೆ ಚಕ್ರ ಬಹಳ ಭಾರ, ಬಿಸಿ ಹೋಗುವುದೂ ಕಷ್ಟ. ವೇಗದ ಬೈಕುಗಳಲ್ಲಿ ಹಬ್ ಮೋಟಾರ್ ಅಪರೂಪವಾಗಿರುವುದು ಇದಕ್ಕೇ.

ಈಗ ಖರ್ಚು. ಪೂರ್ತಿ ಚಾರ್ಜಿಗೆ ನಷ್ಟವೂ ಸೇರಿ 12 ಯೂನಿಟ್, ಯೂನಿಟ್‌ಗೆ 7 ರೂಪಾಯಿ ಹಿಡಿಯೋಣ, 84 ರೂಪಾಯಿ. ನಿಜವಾದ ರಸ್ತೆಯಲ್ಲಿ 200 ಕಿಮೀ ಓಡಿತು ಅನ್ನಿ, ಕಿಲೋಮೀಟರಿಗೆ 42 ಪೈಸೆ. ಅದೇ ತರಹದ ಪೆಟ್ರೋಲ್ ಬೈಕ್ ಲೀಟರಿಗೆ 35 ಕೊಟ್ಟರೆ, ಪೆಟ್ರೋಲ್ ನೂರರ ಮೇಲೆ ಇರುವಾಗ, ಹತ್ತಿರ ಹತ್ತಿರ 3 ರೂಪಾಯಿ. ಉಳಿತಾಯ ಎರಡೂವರೆ ರೂಪಾಯಿ. ವರ್ಷಕ್ಕೆ 10,000 ಕಿಮೀ ಓಡಿಸಿದರೆ 25,000 ರೂಪಾಯಿ. ಪೆಟ್ರೋಲ್ ಬೈಕಿಗೂ ಇದಕ್ಕೂ ಎರಡು ಲಕ್ಷ ವ್ಯತ್ಯಾಸ ಇದ್ದರೆ ದುಡ್ಡು ವಾಪಸ್ ಬರಲು ಎಂಟು ವರ್ಷ. ಸಾಲದ ಬಡ್ಡಿ ಇನ್ನೂ ಸೇರಿಸಿಲ್ಲ. ಸ್ಕೂಟರಿನಲ್ಲಿ ಈ ಲೆಕ್ಕ ಎರಡು ಮೂರು ವರ್ಷಕ್ಕೇ ಮುಗಿಯುತ್ತದೆ, ಯಾಕೆಂದರೆ ಅಲ್ಲಿ ಬೆಲೆಯ ಅಂತರ ಕಡಿಮೆ.

ಇನ್ನು ರಸ್ತೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಎಲೆಕ್ಟ್ರಿಕ್ ಬೈಕ್ ಆದರೂ ಅಷ್ಟೇ. ನೀನು ಬರಬೇಕಾದ್ದು ಸರ್ವಿಸ್ ರಸ್ತೆಯಲ್ಲಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರಿನ ಆಟೋ, ಟ್ರ್ಯಾಕ್ಟರುಗಳ ಜೊತೆ. 150 ಕಿಮೀ ವೇಗ ಹೋಗುವ ಗಾಡಿಗೆ ಅಲ್ಲಿ ಏನು ಕೆಲಸ? ಒಂದು ಲಾಭ ಇದೆ, ನಿಧಾನ ಹೋದರೆ ಬ್ಯಾಟರಿ ಬಾಳುತ್ತದೆ. ಗಾಳಿಯನ್ನು ಸೀಳಲು ಒಂದು ಕಿಲೋಮೀಟರಿಗೆ ಬೇಕಾಗುವ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. 60ರ ಬದಲು 100ರಲ್ಲಿ ಹೋದರೆ ಆ ಖರ್ಚು ಎರಡೂ ಮುಕ್ಕಾಲು ಪಟ್ಟು.

ಇಷ್ಟವಾಗಿದೆ, ಕೈಯಲ್ಲಿ ದುಡ್ಡಿದೆ ಅಂದರೆ ತೆಗೆದುಕೋ, ಅದರಲ್ಲಿ ತಪ್ಪೇನಿಲ್ಲ. ಅಪ್ಪನಿಗೂ ಹಾಗೇ ಹೇಳು, ಉಳಿತಾಯದ ಕತೆ ಬೇಡ.

ಪ್ರಶ್ನೆ: ದುಬಾರಿ ಬೈಕಿಗೆ ಸಬ್ಸಿಡಿಯೂ ಜಾಸ್ತಿ ಸಿಗುತ್ತದಾ? (ಓದುಗರು, ನಂಜನಗೂಡು)

ಉತ್ತರ: ಇಲ್ಲ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಫ್ಯಾಕ್ಟರಿ ಬೆಲೆ ಒಂದೂವರೆ ಲಕ್ಷ ದಾಟಿದ ದ್ವಿಚಕ್ರಕ್ಕೆ ಸಬ್ಸಿಡಿ ಇಟ್ಟಿರಲಿಲ್ಲ. ಅದರ ಒಳಗಿನವಕ್ಕೂ ಮೊದಲು ಗಾಡಿಗೆ 10,000ದ ತನಕ ಇದ್ದದ್ದು 2025ರ ಏಪ್ರಿಲ್‌ನಿಂದ 5,000ಕ್ಕೆ ಇಳಿಯಿತು. ಜಿಎಸ್‌ಟಿ ಮಾತ್ರ ಎಲ್ಲ ಎಲೆಕ್ಟ್ರಿಕ್‌ಗೂ ಶೇ 5.

ಪ್ರಶ್ನೆ: ಮನೆಯಲ್ಲಿ ಅಪ್ಪನ ಕಾಲದ ಯೆಜ್ಡಿ ಇದೆ. ಇಂಜಿನ್ ತೆಗೆದು ಮೋಟಾರ್ ಕೂರಿಸಬಹುದಾ? (ಓದುಗರು, ಯಾದವಗಿರಿ, ಮೈಸೂರು)

ಉತ್ತರ: ಐಡಿಯಲ್ ಜಾವಾ ಫ್ಯಾಕ್ಟರಿ ಇದ್ದ ಏರಿಯಾದಿಂದಲೇ ಈ ಪ್ರಶ್ನೆ! 1996ರಲ್ಲಿ ಅದರ ಬಾಗಿಲು ಮುಚ್ಚಿತು, ಗಾಡಿಗಳು ಇನ್ನೂ ಓಡುತ್ತಿವೆ. ಮೋಟಾರ್ ಕೂರಿಸುವುದು ಕಷ್ಟವಲ್ಲ, ಇಂಜಿನ್ ಜಾಗ ದೊಡ್ಡದಾಗಿಯೇ ಇದೆ, ಚೈನ್ ದಾರಿಯೂ ಇದೆ. ಆದರೆ ಮಾನ್ಯತೆ ಪಡೆದ ಕಿಟ್ಟೇ ಆಗಬೇಕು, ಆರ್‌ಟಿಒದಲ್ಲಿ ಆರ್‌ಸಿ ಬದಲಾಗಬೇಕು. ಬೆಲೆ ಬಾಳುವ ಎರಡು ಸೈಲೆನ್ಸರಿನ ಗಾಡಿಯನ್ನು ಕೆಡಿಸಬೇಡಿ ಅನ್ನುವುದು ನನ್ನ ಸಲಹೆ. ಮೋಟಾರ್ ಹಾಕುವ ಹಟವೇ ಇದ್ದರೆ ಇಂಜಿನ್ ಹೋದ ಬೇರೆ ಯಾವುದಾದರೂ ಗಾಡಿ ಹುಡುಕಿ.

ಪ್ರಶ್ನೆ: ಟೆಸ್ಟ್ ರೈಡ್‌ನಲ್ಲಿ ಏನು ನೋಡಬೇಕು? (ಗೃಹಿಣಿ, ಮದ್ದೂರು)

ಉತ್ತರ: ಶೋರೂಮಿನವರು ಪೂರ್ತಿ ಚಾರ್ಜ್ ಇರುವ ಗಾಡಿಯನ್ನು, ಸಮತಟ್ಟು ರಸ್ತೆಯಲ್ಲಿ, ಒಬ್ಬರಿಗೇ ಕೊಡುತ್ತಾರೆ. ನೀವು ಚಾರ್ಜ್ 20 ಪರ್ಸೆಂಟಿಗೆ ಇಳಿದಿರುವ ಗಾಡಿ ಕೇಳಿ, ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳಿ, ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ. ಬ್ಯಾಟರಿ ಕಡಿಮೆಯಾದಾಗ ಅನೇಕ ಗಾಡಿಗಳು ತಾವಾಗಿಯೇ ಪವರ್ ತಗ್ಗಿಸುತ್ತವೆ. ಎಷ್ಟು ತಗ್ಗುತ್ತದೆ ಎಂದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಗಾಡಿ ಆಫ್ ಮಾಡಿ ಹಿಂದಕ್ಕೆ ಮುಂದಕ್ಕೆ ತಳ್ಳಿ ನೋಡಿ. ಹಬ್ ಮೋಟಾರಿನದು ಅಯಸ್ಕಾಂತದ ಎಳೆತದಿಂದ ಸ್ವಲ್ಪ ಬಿಗಿಯಾಗಿರುತ್ತದೆ. ಮನೆ ಮುಂದೆ ಇಳಿಜಾರು ಇದ್ದರೆ ದಿನಾ ನೀವೇ ತಳ್ಳಬೇಕಲ್ವಾ. ಇದಕ್ಕೆಲ್ಲ ಅವರು ಒಪ್ಪದಿದ್ದರೆ ಮಂಡ್ಯದಲ್ಲಿ ಇನ್ನೊಂದು ಶೋರೂಮಿಗೆ ಹೋಗಿ.